ಬಲಗಾಲಿನ ಬ್ರೇಕು

ಇನ್ನೂ ಹೊರಳುತ್ತಿದೆ, ಸರಿಯಾಗಿ ತಣ್ಣಗಾಗಿಲ್ಲ, ಮಂಜುಗಡ್ಡೆಯ ಮೇಲೆ ಒದ್ದೆ ಕಾಗದ, ಕಾಗದದ ಮೇಲೆ ಈ ಕಂದು ಚಪ್ಪಟೆ ಹುಳು, ಉಗುರಿನಷ್ಟೂ ಉದ್ದವಿಲ್ಲ, ಎರಡು ಮಾಲುಗಣ್ಣು — ಚಾಚಿಕೊಂಡಾಗ ಮಾತ್ರ ಬ್ಲೇಡು ಇಡಬೇಕು, ಮುದುಡಿದಾಗ ಇಟ್ಟರೆ ಗೆರೆ ಸೊಟ್ಟಗಾಗುತ್ತದೆ, ಮತ್ತೆ ಫೋನು ತೊಡೆಗೆ ತಾಗಿ ಗುರ್ರ್ ಅನ್ನುತ್ತಿದೆ, ಅಮ್ಮನೇ, ನಾನು ಲ್ಯಾಬಿನಲ್ಲಿರುತ್ತೇನೆ ಅಂತ ಗೊತ್ತಿದ್ದೂ ಮಾಡುತ್ತಿದ್ದಾಳೆ ಅಂದರೆ ಅಪ್ಪ ಇನ್ನೂ ಸಹಿ ಹಾಕಿಲ್ಲ. ಬೆಳಿಗ್ಗೆ ಊರಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಪಿಸುಗುಟ್ಟಿದಳು, ಮೊಣಕಾಲ ಕೆಳಗೆ ಕಣೆ, ಬಲಗಾಲು, ಇವತ್ತೇ ತೆಗೀಬೇಕಂತೆ, ನಂಜು ಮೇಲೇರ್ತಿದೆ, ತಡ ಮಾಡಿದ್ರೆ ಕಾಲಲ್ಲ, ಮನುಷ್ಯನೇ ಉಳಿಯಲ್ಲ ಅಂದ್ರು ಡಾಕ್ಟ್ರು, ಇವ್ರು ನೋಡಿದ್ರೆ ಪೆನ್ನು ಮುಟ್ಟಲ್ಲ ಅಂತಾರೆ, ಅದಕ್ಕೆ ನಾನೇ ಅಂದ್ಬಿಟ್ಟೆ, ನಿಮ್ಮ ಮಗಳು ಓದ್ತಿರೋದೇ ಕಾಲು ಬೆಳೆಸೋ ಓದು, ಒಂದೆರಡು ವರ್ಷ ಸುಧಾರಿಸ್ಕೊಳ್ಳಿ ಅಂತ, ನಂಬಿದಾರೆ, ಆದ್ರೆ ನಿನ್ನ ಬಾಯಲ್ಲೇ ಕೇಳ್ಬೇಕಂತೆ. ಕೇಳಲೇಬೇಕು ಅವನಿಗೆ, ಕಂಡಕ್ಟರು ರೈಟ್ ಅಂದರೂ ಕನ್ನಡಿ ನೋಡದೆ ಗೇರು ಹಾಕಿದವನಲ್ಲ, ಆಯುಷ್ಯವೆಲ್ಲ ಬಸ್ಸು ಓಡಿಸಿದವನು, ಎಂಜಿನ್ನಿನ ಬಿಸಿಗೆ ಕಾದ ನೆಲದ ಮೇಲೇ ಆ ಕಾಲು, ಸಕ್ಕರೆ ಕಾಯಿಲೆ ಅದರ ಸ್ಪರ್ಶವನ್ನು ಯಾವಾಗ ತಿಂದುಹಾಕಿತೋ, ಹಿಮ್ಮಡಿ ಸುಟ್ಟು ಬೊಬ್ಬೆ ಬಂದು ಒಡೆದು ಕೀವಾದರೂ ಗೊತ್ತಾಗಲಿಲ್ಲ, ವಾಸನೆ ಬಂದ ಮೇಲೆ ಅಮ್ಮ ಕಾಲುಚೀಲ ಎಳೆದು ನೋಡಿದಳು, ಅಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಬ್ಯಾಗು ಬೆಂಚಿನ ಕೆಳಗಿದೆ, ಊರಿನ ಬಸ್ಸು ಮಧ್ಯಾಹ್ನಕ್ಕೆ, ಅಲ್ಲಿಯವರೆಗೆ ಹಾಸ್ಟೆಲ್ ಕೋಣೆಯಲ್ಲಿ ಗೋಡೆ ನೋಡುತ್ತ ಕೂರುವ ಬದಲು ಇಲ್ಲಿ ಹುಳು ಕತ್ತರಿಸುತ್ತಿದ್ದೇನೆ, ಭೇಷ್.

ಹಾಂ, ಈಗ ಚಾಚಿತು — ಕತ್ತರಿಸಿದೆ. ರಕ್ತವಿಲ್ಲ, ಸದ್ದಿಲ್ಲ, ತಲೆಯ ಚೂರು ಒಂದು ಕಡೆ, ಬಾಲದ ಚೂರು ಇನ್ನೊಂದು ಕಡೆ, ಬ್ರಶ್ಶಿನಿಂದೆತ್ತಿ ನೀರಿಗೆ ಬಿಟ್ಟರೆ ತಲೆಯಿಲ್ಲದ ಬಾಲವೂ ಏನೂ ಆಗಿಲ್ಲವೆಂಬಂತೆ ತಟ್ಟೆಯ ಅಂಚಿಗೆ ಜಾರುತ್ತ ಹೋಗುತ್ತದೆ, ಕೆಲವೇ ದಿನಗಳಲ್ಲಿ ತಲೆ, ಮಿದುಳು, ಅದೇ ಮಾಲುಗಣ್ಣು. ಪಕ್ಕದ ಬೆಂಚಿನ ಚಷ್ಮಾ ಹುಡುಗ ಬಗ್ಗಿ ನೋಡಿ ಹಲ್ಲು ಕಿಸಿಯುತ್ತಾನೆ, ಏಯ್, ನಮಗೂ ಹಿಂಗೆ ಎರಡು ತಲೆ ಬಂದ್ರೆ ಒಂದನ್ನ ಕ್ಲಾಸಿಗೆ ಕಳ್ಸಿ ಇನ್ನೊಂದು ಮಲ್ಕೊಬಹುದು, ನಿನ್ನದು ಈಗ್ಲೂ ಒಂದೇ ಇದ್ದು ಮಲಗಿದೆ ಬಿಡು ಅಂತ ಮೇಡಂ ಹಿಂದಿನಿಂದ, ಎಲ್ಲರೂ ನಗುತ್ತಾರೆ, ನಾನೂ ನಕ್ಕೆನೇನೋ. ಮನುಷ್ಯನಿಗೆ ಯಾಕೆ ಹೀಗೆ ಬೆಳೆಯುವುದಿಲ್ಲ, ಹೋದ ಪರೀಕ್ಷೆಯ ಪ್ರಶ್ನೆ, ಚೆನ್ನಾಗಿ ಬರೆದಿದ್ದೆ, ಈ ಹುಳುವಿನ ಮೈತುಂಬ ಏನು ಬೇಕಾದರೂ ಆಗಬಲ್ಲ ಕಾಂಡಕೋಶಗಳು, ನಮ್ಮ ಮೈಗೆ ಗಾಯ ಮುಚ್ಚುವ ಆತುರ, ಮುಚ್ಚಿ ಕಲೆ ಕಟ್ಟಿತೆಂದರೆ ಮುಗಿಯಿತು, ಯಕೃತ್ತು ಒಂದಿಷ್ಟು ಬೆಳೆದೀತು, ಎಳೆ ಮಗುವಿನ ಬೆರಳ ತುದಿ ಬೆಳೆದೀತು, ಕಾಲು ಬೆಳೆಯುವುದಿಲ್ಲ, ಪೂರ್ತಿ ಅಂಕ ಕೊಟ್ಟಿದ್ದರು. ಇಲ್ಲಿ ಸೇರಿಸಲು ಬಂದ ದಿನ ಅಪ್ಪ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಬೇಕೆಂದು ಕೂತ, ತಿರುವು ಬಂದಾಗಲೆಲ್ಲ ಅವನ ಬಲಗಾಲು ಬರಿಯ ನೆಲವನ್ನು ಒತ್ತುತ್ತಿತ್ತು, ಅಪ್ಪಾ, ನಿನ್ನ ಬ್ರೇಕು ಇಲ್ಲಿಲ್ಲ ಅಂದೆ, ಅಭ್ಯಾಸ ಕಣೇ ಪುಟ್ಟಿ, ಗಾಡಿ ಯಾರದ್ದಾದ್ರೂ ಕೂತಿರೋರು ಜನ ತಾನೆ ಅಂದ, ಮತ್ತೆ ಒತ್ತಿದ, ಮನೆಯಲ್ಲಿ ಮಧ್ಯಾಹ್ನ ಮಲಗಿದಾಗಲೂ ಅಷ್ಟೇ, ಮಂಚದ ಕೊನೆಗೆ ಆ ಪಾದ ಮೆಲ್ಲಗೆ ಒತ್ತುತ್ತದೆ, ಬಿಡುತ್ತದೆ, ಕನಸಿನಲ್ಲಿ ಯಾರು ಅಡ್ಡ ಬರುತ್ತಾರೋ.

ಗುರ್ರ್. ಗ್ಲೌಸು ಕಿತ್ತು ಕಾರಿಡಾರಿಗೆ ಬಂದೆ, ಕೈ ತೊಳೆಯುವ ನಲ್ಲಿಯ ಪಕ್ಕ, ತೊಟ್ಟಿಕ್ಕುತ್ತಿದೆ, ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ, ಹಲೋ ಅನ್ನುವ ಮೊದಲೇ ಅಪ್ಪನ ಉಸಿರು, ಜ್ವರದ ಉಸಿರು, ಪುಟ್ಟೀ, ತೊಂದ್ರೆ ಕೊಟ್ನಾ, ಇಲ್ಲಪ್ಪ, ನಿಮ್ಮಮ್ಮ ಏನೋ ಅಂತಾಳೆ, ನಿಜ ಹೇಳು, ನೀನು ಓದಿರೋಳು, ಕತ್ತರಿಸಿದ್ದು ಮತ್ತೆ ಬೆಳೆಯುತ್ತಾ? ಇಲ್ಲ ಅಂದ್ರೂ ಪರವಾಗಿಲ್ಲ, ಹಂಗೇ ಇದ್ದು ಬಿಡ್ತೀನಿ, ಎರಡು ಕಾಲೂ ಇಟ್ಕೊಂಡೇ ಹೋಗ್ತೀನಿ. ಹೋಗ್ತೀನಿ ಅಂದನಲ್ಲ, ಡಿಪೋಗೆ ಹೋಗಿ ಬರ್ತೀನಿ ಅನ್ನುವ ದನಿಯಲ್ಲೇ. ಇಲ್ಲ ಅಂದರೆ ಪೆನ್ನು ಮುಟ್ಟುವುದಿಲ್ಲ, ನಾಳೆ ಇರುವುದಿಲ್ಲ, ಹೂಂ ಅಂದರೆ ಇರುತ್ತಾನೆ, ಇದ್ದು ದಿನಾ ಬೆಳಿಗ್ಗೆ ಹೊದಿಕೆ ಸರಿಸಿ ನೋಡುತ್ತಾನೆ, ರಜೆಗೆ ಹೋದಾಗಲೆಲ್ಲ ನನ್ನ ಮುಖ ನೋಡುತ್ತಾನೆ, ಕೇಳುವುದಿಲ್ಲ, ನೋಡುತ್ತಾನೆ, ಅಷ್ಟೇ — ಡಾಕ್ಟರು ಹೇಳಲಿ, ಮೇಡಂ ಹೇಳಲಿ, ಯಾರಾದರೂ ಬಂದು ಈ ಫೋನು ಇಸಿದುಕೊಳ್ಳಲಿ, ನಲ್ಲಿ ತೊಟ್ಟಿಕ್ಕುತ್ತಿದೆ, ಪುಟ್ಟೀ, ಲೈನಲ್ಲಿದೀಯಾ, ಹೂಂ ಅಪ್ಪ. ಹೂಂ ಅಂದ್ರೆ? ಬೆಳೆಯುತ್ತಾ? ಹೂಂ, ಬೆಳೆಯುತ್ತೆ. ನನ್ನದೇ ದನಿ, ಲ್ಯಾಬಿನಲ್ಲಿ ಉತ್ತರ ಹೇಳುವ ಅದೇ ದನಿ. ಅಪ್ಪ ನಕ್ಕ, ಕೆಮ್ಮಿದ, ನೋಡ್ಕೊಂಡು ಬೆಳೆಸಮ್ಮ, ಅವಸರದಲ್ಲಿ ಎರಡೂ ಎಡಗಾಲೇ ಆದ್ರೆ ಆಮೇಲೆ ಬರೀ ಕ್ಲಚ್ಚು ಒತ್ಕೊಂಡು ಕೂತಿರ್ಬೇಕು. ಫೋನು ಅಮ್ಮನ ಕೈಗೆ ಹೋಯಿತು, ಇಲ್ಲಿ ರೀ, ಇಲ್ಲಿ ಹಾಕಿ, ಇದರ ಕೆಳಗೆ ಅನ್ನುವುದು ಕೇಳಿಸಿತು, ಅಳುತ್ತಿದ್ದಾಳೋ ಏನೋ, ಕಟ್ಟಾಯಿತು. ಒಳಗೆ ಹೋಗಬೇಕು, ತಟ್ಟೆಗೆ ಹೆಸರು ಬರೆದು ಮುಚ್ಚಿಡಬೇಕು, ಬಾಲದ ಚೂರು ಅಂಚು ತಲುಪಿ ಅಂಚನ್ನೇ ಸುತ್ತುತ್ತಿರಬೇಕು, ಮಧ್ಯಾಹ್ನದ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಖಾಲಿ ಇದ್ದರೂ ಕೂರಬಾರದು, ತಿರುವು ಬರುತ್ತದೆ, ಬಲಗಾಲು ಒತ್ತುತ್ತದೆ, ಪೆಡಲಿಲ್ಲ, ಬರಿಯ ನೆಲ, ಒತ್ತುತ್ತದೆ, ಮಂಚದ ಕೊನೆ, ಬಿಳಿ ಹೊದಿಕೆ, ಹೊದಿಕೆಯ ಕೆಳಗೆ ಏನೂ ಇಲ್ಲ, ಒತ್ತುತ್ತದೆ