ಅಕ್ಕನ ಶೆಡ್ಡಿಗೆ ಬಂದ ನೀಲಿ ಟ್ರೇಲರ್

ಸಲೂನಿಗೆ ರಜೆಯಿದ್ದ ದಿನ ಬೆಳಗಿನ ಚಹಾಕ್ಕೆ ಅಕ್ಕನ ಶೆಡ್ಡಿಗೆ ಹೋಗುವುದು ತಮ್ಮನಿಗೆ ಮೊದಲಿನಿಂದಲೂ ರೂಢಿ. ಈ ಸಲ ಅವನು ನಡೆದುಕೊಂಡು ಹೋಗಲಿಲ್ಲ. ಗೆಳೆಯನ ಜೀಪನ್ನು ಎರವಲು ತಂದು, ಅದರ ಬೆನ್ನಿಗೆ ತಾನು ಹೊಸದಾಗಿ ಕೊಂಡ ಹಳೆಯ ಟ್ರೇಲರ್ ಕಟ್ಟಿಕೊಂಡು, ಮದುಮಗನ ಹಾಗೆ ಮುಖ ಅರಳಿಸಿಕೊಂಡು, ಬೀದಿಯುದ್ದಕ್ಕೂ ಹಾರ್ನ್ ಹೊಡೆಯುತ್ತ ಬಂದ. ದೋಣಿಯನ್ನು ಮನೆಯಿಂದ ಸರೋವರದವರೆಗೆ ಎಳೆದೊಯ್ದು, ದಡದಲ್ಲಿ ಹಿಂದುಹಿಂದಕ್ಕೆ ನೀರಿಗಿಳಿಸಿ ತೇಲಿಬಿಡುವ ಎರಡು ಚಕ್ರದ ಗಾಡಿ ಅದು. ಮೈಗೆಲ್ಲ ಬಳಿದಿದ್ದ ನೀಲಿ ಬಣ್ಣ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಅಕ್ಕ ಕಣ್ಣಿನ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಹೊರಗೆ ಬಂದಳು. ಊರಿಗೆಲ್ಲ ಅವಳು ವೆಲ್ಡಿಂಗ್ ಅಕ್ಕ. ಗಂಡ ತೀರಿಕೊಂಡಾಗ, ಶೆಡ್ಡನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ತೆಪ್ಪಗಿರು ಎಂದು ಹೇಳದವರಿರಲಿಲ್ಲ. ಹೇಳಿದವರಲ್ಲಿ ಈ ತಮ್ಮನೂ ಒಬ್ಬ. ಅವಳು ಎಲ್ಲರ ಮಾತನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಗಂಡನ ಪಕ್ಕದಲ್ಲಿ ಕೂತು ಕಲಿತಿದ್ದ ಕೆಲಸವನ್ನೇ ಮುಂದುವರಿಸಿದಳು. ಈಗ ಬೇರೆ ಊರಿನ ಲಾರಿಯವರೂ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಬೆಸುಗೆಯಲ್ಲಿ ಅವಳದು ಎತ್ತಿದ ಕೈ, ಬೈಗುಳದಲ್ಲಿ ಅದಕ್ಕಿಂತ ಒಂದು ಕೈ ಮೇಲೆ.

"ಹೇಗಿದೆ ಅಕ್ಕಾ? ಹಿಂದಿನ ಲೈಟೊಂದು ಹತ್ತಲ್ಲ, ಅದೊಂದು ಸರಿ ಮಾಡಿಕೊಟ್ಟುಬಿಡು, ಸಾಕು."

"ಯಾರ ಹತ್ರ ತಗೊಂಡ್ಯೋ?"

"ನಮ್ಮ ಗುತ್ತಿಗೆದಾರರ ಹತ್ರ. ಎಷ್ಟು ವರ್ಷದ ಗಿರಾಕಿ ಗೊತ್ತಾ? ಕತ್ತು ಹಿಂದಕ್ಕೆ ಚೆಲ್ಲಿ, ಗಂಟಲನ್ನ ನನ್ನ ಕ್ಷೌರದ ಕತ್ತಿಗೆ ಒಪ್ಪಿಸಿ ಕಣ್ಮುಚ್ಚಿಕೊಂಡು ಕೂತಿದ್ದ ಮನುಷ್ಯ. ಅಂಥೋರು ಸುಳ್ಳು ಹೇಳ್ತಾರಾ?"

"ಅವರು ನಿನ್ನ ನಂಬಿದ್ದು ಸರಿ. ನೀನು ಅವರನ್ನ ಯಾಕೆ ನಂಬಿದೆ ಅಂತ ನಾನು ಕೇಳ್ತಿರೋದು" ಎಂದಳು ಅಕ್ಕ.

ತಮ್ಮ ನಕ್ಕುಬಿಟ್ಟ. ನಗದೆ ಇನ್ನೇನು ಮಾಡಿಯಾನು? ಅವನಿಗೆ ಆ ಗಾಡಿ ಬೇಕೇ ಬೇಕಿತ್ತು. ಹೋದ ವರ್ಷದಿಂದ ಅವನ ಬಲಗೈ ನಡುಗಲು ಹಿಡಿದಿತ್ತು. ಮಾತ್ರೆಯಿಂದ ಹತೋಟಿಗೆ ಬರುತ್ತದೆ, ವಾಸಿಯಾಗುವುದಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಕ್ಷೌರದ ಕತ್ತಿಯನ್ನು ಅವನೇ ಎತ್ತಿಟ್ಟಿದ್ದ. ಈಗ ಬರೀ ಮಷಿನ್ನು, ಬಾಚಣಿಗೆ. ಅದಾದರೂ ಎಷ್ಟು ದಿನ? ಮಾವನ ಮನೆಯಿಂದ ಬಂದ ಪುಟ್ಟ ಮೋಟಾರ್ ದೋಣಿಯೊಂದು ಹಿತ್ತಿಲಲ್ಲಿ ಮಗುಚಿಕೊಂಡು ಬಿದ್ದಿತ್ತು. ಗಾಳ ಹಾಕುವ ಹವ್ಯಾಸದವರನ್ನು ಸರೋವರದಲ್ಲಿ ಸುತ್ತಾಡಿಸಿದರೆ ಹೊಟ್ಟೆಪಾಡು ಸಾಗುತ್ತದೆ. ಚುಕ್ಕಾಣಿಗೆ ಕೈ ನಡುಗಿದರೂ ಚಿಂತೆಯಿಲ್ಲ. ಗುಡ್ಡ ಇಳಿದು ಅಲ್ಲಿಗೆ ದೋಣಿ ಒಯ್ಯಲು ಗಾಡಿ ಬೇಕು. ಗಂಡ ಹೆಂಡತಿ ಮಾತಾಡಿಕೊಂಡು ಕೈಯಲ್ಲಿದ್ದದ್ದನ್ನೆಲ್ಲ ಅದಕ್ಕೇ ಸುರಿದಿದ್ದರು.

ಅಕ್ಕ ಲೈಟಿನ ಕಡೆ ನೋಡಲೇ ಇಲ್ಲ. ಜಾಕ್ ಕೊಟ್ಟು ಒಂದು ಚಕ್ರವನ್ನು ನೆಲದಿಂದ ಎತ್ತಿದಳು, ಕೈಯಲ್ಲಿ ತಿರುಗಿಸಿಬಿಟ್ಟು ಕಿವಿಯಿಟ್ಟಳು. ಗರಗರ ಎಂದಿತು. ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದರೆ ಲೊಟಲೊಟ. ಚಕ್ರದ ನಡುವಿನ ಮುಚ್ಚಳ ಬಿಚ್ಚಿ ಬೆರಳದ್ದಿ ತೆಗೆದು ತಮ್ಮನ ಮೂಗಿನ ಮುಂದೆ ಹಿಡಿದಳು. ಗ್ರೀಸು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು.

"ಒಳಗೆ ನೀರು ಹೋಗಿದೆ. ದೂರ ಓಡಿದ ಚಕ್ರ ಕಾದಿರುತ್ತೆ ಕಣೋ. ಕಾದದ್ದನ್ನ ಹಾಗೇ ತಣ್ಣೀರಿಗೆ ಇಳಿಸಿದ್ರೆ ನೀರನ್ನ ಒಳಕ್ಕೆ ಎಳ್ಕೊಂಡುಬಿಡುತ್ತೆ. ಹಳೇ ಬೆಸ್ತರು ದಡಕ್ಕೆ ಬಂದ ಕೂಡಲೇ ಗಾಡಿ ಇಳಿಸ್ತಿರಲಿಲ್ಲ. ಇಲ್ಲಿ ಅಂಗೈ ಇಟ್ಟು ನೋಡೋರು, ಬಿಸಿ ಇದ್ರೆ ಕೂತು ಚಹಾ ಕುಡಿಯೋರು. ಈಗಿನೋರಿಗೆ ಅಷ್ಟಕ್ಕೂ ಪುರುಸೊತ್ತಿಲ್ಲ."

"ಹಾಗಾದ್ರೆ...?"

"ಬೇರಿಂಗ್ ಬದಲಾಯಿಸಿದ್ರೆ ಆಯ್ತು. ಇದು ಔಷಧಿ ಇರೋ ಕಾಯಿಲೆ."

ತಮ್ಮನಿಗೆ ಹೋದ ಜೀವ ಬಂತು. ಆದರೆ ಅಕ್ಕ ಅಷ್ಟಕ್ಕೆ ಬಿಡುವವಳೇ? ಸಣ್ಣ ಸುತ್ತಿಗೆ ಹಿಡಿದು ಗಾಡಿಯ ನಡುಗಂಬದ ಉದ್ದಕ್ಕೂ ಬಡಿಯುತ್ತ ಹೋದಳು. ಜೀಪಿಗೆ ಕಟ್ಟುವ ಕೊಕ್ಕೆಯಿಂದ ಹಿಡಿದು ಹಿಂದಿನವರೆಗೆ ಇಡೀ ಭಾರ ಹೊರುವುದು ಆ ಒಂದೇ ಕಂಬ, ಒಳಗೆ ಟೊಳ್ಳಿರುವ ಚೌಕದ ಕಬ್ಬಿಣ. ಟಣ್, ಟಣ್ ಎನ್ನುತ್ತ ಬಂದ ಸದ್ದು ಒಂದು ಕಡೆ ದೊಪ್ ಎಂದು ಸತ್ತುಹೋಯಿತು. ಅಕ್ಕ ಉಳಿಯಿಂದ ಬಣ್ಣ ಕೆರೆದಳು. ಕೆಳಗೆ ಕಬ್ಬಿಣ ಕಾಣಲಿಲ್ಲ. ಕಾರಿನ ತಗ್ಗುಗಳಿಗೆ ಮೆತ್ತುವ ಪುಟ್ಟಿ ಕಂಡಿತು. ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಒತ್ತಿದಳು. ಅದು ಹಿಡಿಯವರೆಗೂ ಸಲೀಸಾಗಿ ಒಳಗೆ ಹೋಯಿತು.

"ಊರವರ ನರೆಗೆಲ್ಲ ಬಣ್ಣ ಹಚ್ಚೋನು ನೀನು! ಬಣ್ಣ ಹಚ್ಚಿರೋದು ನಿನಗೇ ಗೊತ್ತಾಗ್ಲಿಲ್ವಲ್ಲೋ!"

ಅವಳು ನಗಿಸಲೆಂದೇ ಹೇಳಿದ್ದಳು. ತಮ್ಮ ನಗಲಿಲ್ಲ.

"ಒಂದು ತಗಡು ಇಟ್ಟು ವೆಲ್ಡಿಂಗ್ ಮಾಡಕ್ಕಾ. ನಿನ್ನ ಕೈಲಿ ಆಗದ್ದು ಏನಿದೆ?"

"ತೇಪೆ ಹಾಕ್ಬೇಕಾದ್ರೆ ಸುತ್ತ ಗಟ್ಟಿ ಬಟ್ಟೆ ಇರ್ಬೇಕಪ್ಪ. ಒಳಗಿಂದ ತಿಂದುಕೊಂಡು ಬಂದಿದೆ, ಎಲ್ಲಿ ಮುಟ್ಟಿದ್ರೂ ತೂತು ಬೀಳುತ್ತೆ. ಮೇಲೆ ಚೆಂದ ಕಾಣೋ ಹಾಗೆ ಮಾಡಿಕೊಡಬಲ್ಲೆ. ಆ ಕೆಲಸ ಆಗಲೇ ಯಾರೋ ಮಾಡಿದ್ದಾರಲ್ಲ!"

ತಮ್ಮ ಅಲ್ಲಿಂದ ಸೀದಾ ಗುತ್ತಿಗೆದಾರರ ಮನೆಗೆ ಹೋದ. ಗಾಡಿ ಅಕ್ಕನ ಶೆಡ್ಡಲ್ಲಿದೆ, ವಾಪಸ್ ತಗೊಳ್ಳಿ ಎಂದ. ಅವರು ಸಿಟ್ಟು ಮಾಡಲಿಲ್ಲ, ಮುಜುಗರವನ್ನೂ ಪಡಲಿಲ್ಲ. ಕುರ್ಚಿ ಎಳೆದು ಕೂರಿಸಿದರು.

"ನೋಡು, ನನಗೂ ಹೀಗೇ ಬಂತು. ಕೊಂಡು ಎಷ್ಟೋ ದಿನ ಆದ ಮೇಲೆ ತೂತು ಕಾಣಿಸ್ತು. ಕೊಟ್ಟೋನ ಹತ್ರ ಹೋದ್ರೆ ಅವನು ನನ್ನ ಪರಿಚಯವೇ ಇಲ್ಲ ಅಂದ. ನಾನೇನು ಮಾಡ್ಬೇಕಿತ್ತು ಹೇಳು? ಸುಟ್ಟು ಹಾಕ್ಲಾ? ಪುಟ್ಟಿ ಹಾಕಿಸ್ದೆ. ಒಂದು ವರ್ಷ ನಾನೇ ಓಡಿಸಿದ್ದೀನಿ, ಇಲ್ಲೀವರೆಗೆ ಏನೂ ಆಗಿಲ್ಲ."

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಸ್ವಾಮಿ."

"ಹೇಳಿದ್ರೆ ನೀನು ತಗೋತಿದ್ಯಾ? ದುಡ್ಡು ಮನೆ ಕಟ್ಟೋದಕ್ಕೆ ಹೋಯ್ತು, ಹೇಗೆ ವಾಪಸ್ ಕೊಡ್ಲಿ? ನೀನೂ ಒಂದು ಕೋಟ್ ಬಣ್ಣ ಹೊಡಿ, ಮುಂದಕ್ಕೆ ದಾಟಿಸು. ಬೇಕರಿಯವನು ಟ್ರೇಲರ್ ಹುಡುಕ್ತಾ ಇದ್ದಾನೆ. ನಾಳೆ ಶೆಡ್ಡಿಗೇ ಕಳಿಸ್ತೀನಿ. ಲೋಕ ಅಂದ್ರೆ ಇಷ್ಟೇನಪ್ಪ."

ದಾರಿಯುದ್ದಕ್ಕೂ ತಮ್ಮ ಆ ಮಾತನ್ನೇ ಮೆಲುಕು ಹಾಕಿದ. ತನಗೆ ಟೋಪಿ ಹಾಕಿದ್ದು ತಪ್ಪೇ. ಆದರೆ ಇನ್ನೊಬ್ಬರಿಗೆ ಹಾಕಿಬಿಟ್ಟರೆ ತಾನು ಮೊದಲು ಎಲ್ಲಿದ್ದನೋ ಅಲ್ಲಿಗೇ ಬಂದು ನಿಂತಂತಾಯಿತು. ಬೇಕರಿಯವನಿಗೆ ಒಲೆಯಿದೆ, ಅಂಗಡಿಯಿದೆ, ಗಟ್ಟಿಮುಟ್ಟಾದ ಎರಡು ಕೈಗಳಿವೆ. ತನಗೇನಿದೆ? ಹೀಗೆ ಯೋಚಿಸುವಾಗ ಅವನಿಗೆ ತನ್ನ ಮೇಲೆ ಅಸಹ್ಯವೇನೂ ಹುಟ್ಟಲಿಲ್ಲ, ಅಯ್ಯೋ ಪಾಪ ಅನಿಸಿತು. ತಪ್ಪು ಮಾಡಲು ಹೊರಟವರಿಗೆಲ್ಲ ಮೊದಲು ತಮ್ಮ ಮೇಲೆಯೇ ಕನಿಕರ ಉಕ್ಕುತ್ತದೆ.

ಶೆಡ್ಡಿಗೆ ಬಂದರೆ ಅಕ್ಕ ಚಕ್ರಗಳನ್ನು ಬಿಚ್ಚಿ ಕೆಳಗಿಟ್ಟು, ಹೊಸ ಬೇರಿಂಗಿಗೆ ಅಂಗೈಯಿಂದ ಗ್ರೀಸು ತುಂಬುತ್ತ ಕೂತಿದ್ದಳು. ಗುಂಡುಗಳ ಸಂದಿ ಸಂದಿಗೂ ಇಳಿಯುವ ಹಾಗೆ ಒತ್ತುತ್ತಿದ್ದಳು, ಅವಸರವೇ ಇರಲಿಲ್ಲ. ಅಂಗಡಿಯ ಕುರ್ಚಿಯಲ್ಲಿ ಕೂತವರ ಕಿವಿಯ ಹಿಂದಿನ ಎರಡು ಕೂದಲಿಗೂ ಅಷ್ಟೇ ನಿಗಾ ಕೊಡುತ್ತಿದ್ದ ತಮ್ಮನಿಗೆ ಕೆಲಸಗಾರರ ಕೈ ಎಂಥದ್ದೆಂದು ಗೊತ್ತಿತ್ತು. ಯಾರೂ ಬಿಚ್ಚಿ ನೋಡದ ಜಾಗದಲ್ಲೂ ಇವಳು ಕಳ್ಳಾಟ ಆಡುವುದಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ಬೆರಗಾಯಿತು. ಇಂಥವಳಿಗೆ ತಾನು ಮನೆಯಲ್ಲಿ ತೆಪ್ಪಗಿರು ಎಂದಿದ್ದೆನಲ್ಲ!

ಅವನು ಎಲ್ಲ ಹೇಳಿದ. ಬೇಕರಿಯವನ ವಿಷಯ ಹೇಳುವಾಗ ನೆಲ ನೋಡಿದ.

"ನೀನು ಏನೂ ಮಾತಾಡ್ಬೇಡ ಅಕ್ಕಾ. ಇಲ್ಲೀವರೆಗೆ ಏನೂ ಆಗಿಲ್ಲವಂತೆ."

"ಕತ್ತಿ ಯಾಕೋ ಎತ್ತಿಟ್ಟೆ?" ಅಕ್ಕ ತಲೆಯೆತ್ತದೆ ಕೇಳಿದಳು.

"ಕೈ ನಡುಗುತ್ತಲ್ಲ."

"ಯಾರಿಗಾದ್ರೂ ಕುಯ್ದಿದ್ಯಾ?"

"ಛೆ, ಛೆ! ಯಾರಿಗೂ ಒಂದು ಗೀರೂ ಆಗಿಲ್ಲ."

"ಮತ್ತೆ? ಇಲ್ಲೀವರೆಗೆ ಏನೂ ಆಗಿರ್ಲಿಲ್ವಲ್ಲ. ಇನ್ನೊಂದು ವರ್ಷ ನಡೆಸಬಹುದಿತ್ತು."

ಅಕ್ಕ ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು.

"ಈ ಕಂಬ ಇಳಿಜಾರಲ್ಲೇ ಮುರಿಯೋದು, ಸಪಾಟಲ್ಲಿ ಮುರಿಯಲ್ಲ. ಏರು ಹತ್ತುವಾಗ ಕಳಚಿದ್ರೆ ದೋಣಿ ಯಾರ ಮೇಲೆ ಹೋಗುತ್ತೆ ಹೇಳು? ಮಾರಿದೋನ ಮೇಲೂ ಅಲ್ಲ, ಕೊಂಡೋನ ಮೇಲೂ ಅಲ್ಲ. ಹಿಂದೆ ನಡ್ಕೊಂಡು ಬರ್ತಿರೋ ಯಾರ ಮೇಲೋ. ಅವರು ಇದನ್ನ ನೋಡಿಯೂ ಇರಲ್ಲ." ಬಟ್ಟೆಯನ್ನು ಬದಿಗಿಟ್ಟು ಅಂದಳು, "ಬೇಕರಿಯವನು ಬರ್ಲಿ. ನೀನು ಹೇಳ್ದಿದ್ರೆ ನಾನು ಹೇಳೋದಂತೂ ಖಂಡಿತ. ನೀನೇ ಹೇಳಿದ್ರೆ ನನಗೆ ಸಂತೋಷ."

ಮಾರನೆಯ ದಿನ ಸಲೂನಿನ ಬಾಗಿಲನ್ನು ಅರ್ಧ ಎಳೆದು ತಮ್ಮ ಶೆಡ್ಡಿಗೆ ಬಂದ. ಅಕ್ಕ ಕೆರೆದ ಜಾಗ ಕಾಣದಂತೆ ಗಾಡಿಯನ್ನು ಗೋಡೆಗೆ ತಿರುಗಿಸಿಡಬಹುದು ಎಂಬ ಯೋಚನೆ ಆಗಲೂ ಒಮ್ಮೆ ಬಂತು. ಅಷ್ಟರಲ್ಲಿ ಬೇಕರಿಯವನು ಹೆಂಡತಿಯ ಜೊತೆ ಬಂದೇಬಿಟ್ಟ. ಹೆಂಡತಿ ನೀಲಿ ಬಣ್ಣ ನೋಡಿ ಖುಷಿಯಾದಳು.

"ಬಣ್ಣ ಎಷ್ಟು ಚೆನ್ನಾಗಿದೆ ನೋಡ್ರೀ! ದೋಣೀಗೂ ಇದೇ ಹೊಡೆಸೋಣ."

ಬೇಕರಿಯವನು ಜೇಬಿಗೆ ಕೈಹಾಕಿದ. "ಗುತ್ತಿಗೆದಾರರು ಎಲ್ಲಾ ಹೇಳಿದ್ರು. ನೀವು ಹೇಳಿ, ಗಟ್ಟಿ ಇದೆಯಲ್ವಾ? ನಿಮ್ಮ ಮಾತು ಸಾಕು ನನಗೆ."

ಅಕ್ಕ ಮೂಲೆಯಲ್ಲಿ ಏನೋ ಜೋಡಿಸುತ್ತಿದ್ದಳು, ತಿರುಗಲಿಲ್ಲ. ತಮ್ಮ ಗಾಡಿಯ ಹತ್ತಿರ ಹೋದ.

"ಇಲ್ಲ" ಎಂದ. "ಕೊಳೆತಿದೆ. ನನಗೂ ಗೊತ್ತಿರ್ಲಿಲ್ಲ, ನಿನ್ನೆ ಗೊತ್ತಾಯ್ತು. ಬನ್ನಿ, ತೋರಿಸ್ತೀನಿ." ಅಕ್ಕನ ಸ್ಕ್ರೂಡ್ರೈವರನ್ನೇ ತೆಗೆದುಕೊಂಡು ಪುಟ್ಟಿಯಿದ್ದ ಕಡೆಯೆಲ್ಲ ಚುಚ್ಚಿ ತೋರಿಸಿದ. ಹೇಳಲು ಶುರುಮಾಡಿದ ಮೇಲೆ ಮಾತು ನಿಲ್ಲಲೇ ಇಲ್ಲ. ಇಳಿಜಾರು, ಹಿಂದೆ ನಡೆದು ಬರುವವರು, ಎಲ್ಲ ಹೇಳಿದ. ಬೇಕರಿಯವನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ದುಡ್ಡು?" ಎಂದ ಬೇಕರಿಯವನು.

"ಹೋಯ್ತು."

"ಗುಜರಿಯವನಿಗಾದ್ರೂ ಕೊಡಿ, ಒಂದಿಷ್ಟು ಬರುತ್ತೆ."

"ಇಡಿಯಾಗಿ ಕೊಟ್ಟರೆ ಅವನೂ ಬಣ್ಣ ಹೊಡೆಸಿ ಬೀದಿಗೆ ಬಿಡ್ತಾನೆ" ಎಂದಳು ಅಕ್ಕ. ಅವಳು ಬಾಯಿಬಿಟ್ಟದ್ದು ಅದೊಂದೇ ಮಾತಿಗೆ.

ಗಂಡ ಹೆಂಡತಿ ಹೋದ ಮೇಲೆ ತಮ್ಮ ಅಕ್ಕನ ಕಡೆ ಕೈ ಚಾಚಿದ.

"ಕಟಿಂಗ್ ಮಷಿನ್ ಕೊಡಕ್ಕಾ."

"ನಡುಗೋ ಕೈಗೆ ಮಷಿನ್ ಕೊಡೋಕೆ ನನಗೇನು ಹುಚ್ಚಾ? ಕೈಗರಗಸ ತಗೋ."

"ನಡುಗಿದ್ರೆ ನಡುಗ್ಲಿ ಬಿಡು. ಇದೇನು ಯಾರ ಕತ್ತೂ ಅಲ್ಲ."

ಅಕ್ಕ ಅಚ್ಚನ್ನೂ ಚಕ್ರಗಳನ್ನೂ ಬಿಚ್ಚಿ ಬದಿಗಿಟ್ಟು, ಕಂಬವನ್ನು ಎರಡು ಕಡೆ ಬಿಗಿದು ಕೊಟ್ಟಳು. ತಮ್ಮ ಕಬ್ಬಿಣ ಕೊಯ್ಯುವ ಗರಗಸ ಹಿಡಿದು ಎಳೆಯತೊಡಗಿದ. ಬೆವರು ಬರುವ ಮೊದಲೇ ಕಂಬ ಎರಡಾಗಿ ಬಿತ್ತು. ಒಳಗಿನಿಂದ ಒಂದು ಮೊರದಷ್ಟು ತುಕ್ಕು ಸುರಿಯಿತು. ಇಷ್ಟು ಸುಲಭಕ್ಕೆ ತುಂಡಾಗುವುದನ್ನು ನಂಬಿ ತಾನು ಗುಡ್ಡ ಇಳಿಯಲು ಹೊರಟಿದ್ದೆನಲ್ಲ ಎಂದುಕೊಂಡ. ಆದರೆ ನಿಲ್ಲಿಸಲಿಲ್ಲ. ಯಾರೂ ಮತ್ತೆ ಜೋಡಿಸಬಾರದೆಂದು ಇನ್ನೊಂದು ಕಡೆ ಗರಗಸ ಇಟ್ಟ.

"ಅಚ್ಚು, ಚಕ್ರ ಗಟ್ಟಿ ಇವೆ" ಎಂದಳು ಅಕ್ಕ. "ಹೊಸ ಕಂಬ ನಾನು ಹಾಕಿಕೊಡ್ತೀನಿ, ನನ್ನ ಕೈ ಬಿಡುವಾದಾಗ. ಈ ಸಲದ ಸೀಸನ್ನು ಸಿಗಲ್ಲ, ಹೇಳಿಬಿಟ್ಟಿದ್ದೀನಿ."

"ಸಿಗದಿದ್ರೆ ಬೇಡ" ಎಂದ ತಮ್ಮ. ಆ ವರ್ಷ ಹೇಗೆ ಕಳೆಯುತ್ತದೋ ಅವನಿಗೆ ತಿಳಿದಿರಲಿಲ್ಲ. ಹೆಂಡತಿಗೆ ಏನು ಹೇಳುವುದೆಂಬ ಭಯವೂ ಇತ್ತು. ಆದರೂ ಮೈ ಹಗುರಾಗಿತ್ತು.

ಆಗ ಅಕ್ಕನ ಹಳೆಯ ಗಿರಾಕಿ, ಲಾರಿ ಡ್ರೈವರ್ ಒಬ್ಬ, ಒಳಗೆ ಬಂದ. ನರೆತ ತಲೆಯ ಮನುಷ್ಯನೊಬ್ಬ ಫಳಫಳ ಹೊಳೆಯುವ ಗಾಡಿಯನ್ನು ತುಂಡುತುಂಡು ಮಾಡುವುದನ್ನು ನೋಡಿ ಬಾಯಿಮೇಲೆ ಬೆರಳಿಟ್ಟ.

"ಯಾರಕ್ಕಾ ಇವರು? ಇಷ್ಟು ಚೆಂದದ ಗಾಡೀನ ಕುಯ್ತಿದ್ದಾರಲ್ಲ, ತಲೆ ಸರಿ ಇದೆಯಾ?"

"ನನ್ನ ತಮ್ಮ ಕಣಪ್ಪ" ಎಂದಳು ಅಕ್ಕ. ಆ ಎರಡು ಮಾತನ್ನು ಅವಳು ಹಾಗೆ ಹೇಳಿದ್ದನ್ನು ತಮ್ಮ ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ. "ತಲೆ ಸರಿ ಇರೋದಕ್ಕೇ ಕುಯ್ತಿದ್ದಾನೆ."