ಲಕ್ಷ ಸಲ ಎದ್ದ ಪ್ರೋಗ್ರಾಂ

ಬಲ್ಗೇರಿಯಾದ ನಮ್ಮ ಪ್ಲೊವ್ದಿವ್ ಊರಿನಲ್ಲಿ ಹೆಸರಿನ ಹಬ್ಬಕ್ಕೆ, ಅಂದರೆ ನಾವು ಯಾವ ಸಂತನ ಹೆಸರು ಹೊತ್ತಿದ್ದೇವೋ ಆ ಸಂತನ ದಿನಕ್ಕೆ, ಯಾರನ್ನೂ ಕರೆಯುವುದಿಲ್ಲ. ಕರೆಯದೆಯೇ ಬರುತ್ತಾರೆ, ಹಾಗಾಗಿ ಹಬ್ಬದವನು ಮನೆ ಬಿಟ್ಟು ಕದಲುವಂತಿಲ್ಲ. ಸತ್ತು ನಾಲ್ಕು ದಿನವಾದ ಮೇಲೆ ಏಸು ಗೋರಿಯಿಂದ ಎಬ್ಬಿಸಿದ ಸಂತ ಲಾಜರನ ಶನಿವಾರ ನನ್ನ ಜೊತೆ ಕೆಲಸ ಮಾಡುವ ಲಾಜರನ ಹಬ್ಬ. ಅದೇ ದಿನ ಕಣ್ಣಾಸ್ಪತ್ರೆಯ ಸರ್ವರ್ ಕಾಯುವ ಸರದಿಯೂ ಅವನದೇ. ರೋಗಿಗಳಿಗೆ ಆಪರೇಷನ್ ತಾರೀಖಿನ ಮೆಸೇಜು ಕಳಿಸುವ ಪ್ರೋಗ್ರಾಂ ಅದರಲ್ಲಿದೆ, ಆಗಾಗ ಕೆಲಸ ನಿಲ್ಲಿಸಿ ಬಿದ್ದುಹೋಗುತ್ತದೆ. ಆಗ ಸರ್ವರ್ ಸರದಿಯವನಿಗೆ ಫೋನ್ ಮಾಡುತ್ತದೆ, ಅವನು ಬಂದು ಎಬ್ಬಿಸಬೇಕು.

ಶುಕ್ರವಾರವೇ ಅವನು ಸರ್ವರಿಗೆ ಒಂದು ಸಾಲಿನ ನಿಯಮ ಬರೆದಿಟ್ಟ: ಬಿದ್ದರೆ ಎಬ್ಬಿಸು, ಯಾರಿಗೂ ಫೋನ್ ಮಾಡಬೇಡ.

"ಎಷ್ಟು ಸಲ ಅಂತ ಮಿತಿ ಬೇಡ್ವೇನೋ?" ಅಂದೆ.

"ಸಂತ ಲಾಜರ ಎದ್ದಾಗ ಯಾರಾದ್ರೂ ಮಿತಿ ಹಾಕಿದ್ರಾ ನೆವೆನಾ? ಸುಮ್ನೆ ಬಂದು ಅಮ್ಮ ಮಾಡಿದ ಚೀಸಿನ ಬಾನಿತ್ಸಾ ತಿನ್ನು."

ಹೋಗಿ ಮೂರು ತುಂಡು ತಿಂದೆ. ಮುಂದಾದದ್ದರಲ್ಲಿ ನನ್ನ ಪಾಲೂ ಅಷ್ಟಿದೆ.

ಹಬ್ಬ ಮುಗಿಯಿತು, ಆ ಸಾಲು ಉಳಿಯಿತು. ಐದು ವಾರ ಪರದೆಯ ಮೇಲೆ ಪ್ರೋಗ್ರಾಂ ಎದ್ದಿದೆ ಎನ್ನುವ ಹಸಿರು ದೀಪ. ಸಾಹೇಬರು ನಮ್ಮಿಬ್ಬರನ್ನೂ ಹೊಗಳಿದರು.

ಎರಡೂ ಕಣ್ಣಿಗೆ ಪೊರೆ ಬಂದಿದ್ದ ನನ್ನಪ್ಪ ಗೆಂಕೊ ಮಾತ್ರ ದಿನಾ ಬೆಳಗ್ಗೆ ಕೇಳುತ್ತಿದ್ದ.

"ಮೆಸೇಜ್ ಬರ್ಲೇ ಇಲ್ವಲ್ಲೇ. ನಿಮ್ ಮಿಷನ್ ಕೆಟ್ಟಿಲ್ಲ ತಾನೇ?"

"ಹಸಿರಾಗೇ ಇದೆ ಅಪ್ಪ."

"ನೀನ್ ಹೇಳಿದ್ರೆ ಇರ್ಬೇಕು ಬಿಡು. ನಂಗಂತೂ ಹಸಿರೂ ಒಂದೇ, ಕಪ್ಪೂ ಒಂದೇ."

ಕೊನೆಗೆ ಅವನೇ ಗೋಡೆ ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಅವನ ತಾರೀಖು ಹಿಂದಿನ ಮಂಗಳವಾರವೇ ಕಳೆದುಹೋಗಿತ್ತು.

ಆಗ ದಾಖಲೆ ತೆಗೆದು ನೋಡಿದೆ. ಯಾರೋ ಒಬ್ಬ ಅಜ್ಜಿ ಫೋನ್ ನಂಬರಿನ ಜಾಗದಲ್ಲಿ "ಪಕ್ಕದ್ಮನೆ ಪೆನ್ಕಾನ ಕೇಳಿ" ಎಂದು ಬರೆಸಿದ್ದಳು. ಪ್ರೋಗ್ರಾಂ ಅದನ್ನು ಓದಿ ಬಿದ್ದಿದೆ, ಎದ್ದಿದೆ, ಅರ್ಧ ನಿಮಿಷ ಸುಧಾರಿಸಿಕೊಂಡು ಮತ್ತೆ ಅದನ್ನೇ ಓದಿ ಬಿದ್ದಿದೆ. ಒಂದು ಲಕ್ಷಕ್ಕೂ ಹೆಚ್ಚು ಸಲ! ಅಜ್ಜಿಯ ಹಿಂದೆ ಅರವತ್ತೊಂದು ಜನ ಸಾಲಿನಲ್ಲಿದ್ದರು, ಅವರಲ್ಲಿ ನನ್ನಪ್ಪನೂ ಒಬ್ಬ.

"ಆದ್ರೂ ಪ್ರತಿ ಸಲ ಎದ್ದಿದೆ ನೋಡು," ಅಂದ ಲಾಜರ. ಕೆನ್ನೆಗೆ ಬಾರಿಸೋಣ ಅನ್ನಿಸಿತು. ಬಾನಿತ್ಸಾ ನೆನಪಾಗಿ ಸುಮ್ಮನಾದೆ.

ಈಗ ನಿಯಮ ಬದಲಾಗಿದೆ. ಮೂರು ಸಲ ಎಬ್ಬಿಸುತ್ತದೆ. ಮತ್ತೂ ಬಿದ್ದರೆ ಹಾಗೇ ಬಿಟ್ಟು ನಮಗೆ ಫೋನ್ ಮಾಡುತ್ತದೆ, ಹಬ್ಬವಿರಲಿ ಬಿಡಲಿ. ಅಪ್ಪನಿಗೆ ಹೊಸ ತಾರೀಖು ಸಿಕ್ಕಿರುವುದು ಅಕ್ಟೋಬರಿಗೆ.

ನಾಚಿಕೆ ಬಿಟ್ಟು ಎಲ್ಲವನ್ನೂ ಅವನಿಗೆ ಹೇಳಿದೆ.

"ಸಂತ ಎದ್ದಿದ್ದು ಒಂದೇ ಸಲ ಕಣೇ, ಅದನ್ನ ಊರೇ ನಿಂತು ನೋಡ್ತು. ನಿಮ್ದು ಲಕ್ಷ ಸಲ ಎದ್ದಾಗ ನೀನೇನ್ ನೋಡ್ತಿದ್ದೆ?"

"ಹಸಿರು ದೀಪ ನೋಡ್ತಿದ್ದೆ ಅಪ್ಪ."

ಅವನು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದ.

"ಹಂಗಾದ್ರೆ ಅಕ್ಟೋಬರಲ್ಲಿ ನನ್ ಪಕ್ಕದ ಹಾಸಿಗೆ ನಿಂಗೇ ಹೇಳಿಡು."