ಬಿಳಿ ಒಣಹಾಕಿದೆ, ಬೂದು ಮಡಿಸಿಟ್ಟೆ

ಕಿಟಕಿಯ ಗಾಜು ನಡುಗುತ್ತಿದೆ, ಬಸ್ಸಿನ ಎಂಜಿನ್ನಿನದಲ್ಲ ಈ ನಡುಕ, ಹೊರಗಿನಿಂದ ಬರುತ್ತಿದೆ, ಧಡ್ ಧಡ್, ಮೂರನೆಯ ಪೆಟ್ಟು ಕೊಂಚ ಕುಂಟುತ್ತದೆ — ಈ ಕುಂಟು ನನಗೆ ಗೊತ್ತು, ಇದು ಎಲ್ಲಿಂದ ಬಂತೆಂದು ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತು, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಗೆಳೆಯ ಮಿರ್ಜೆತ್ ನಮ್ಮ ಹಾಡಿಗೆ ತಾಳ ಧ್ವನಿಮುದ್ರಿಸಲೆಂದು ಬಿಸಿನೀರಿನ ಕೊಳವೆಗೆ ಸ್ಪ್ಯಾನರಿನಿಂದ ಹೊಡೆದದ್ದು, ಮೂರನೆಯ ಏಟಿಗೆ ಕೈ ಜಾರಿ ಬೆರಳು ಜಜ್ಜಿಕೊಂಡದ್ದು, ನೋವಿನಲ್ಲೂ ನಗುತ್ತ, ಇದನ್ನೇ ಇಟ್ಕೊಳೋಣ ಕಣೋ, ಚೆನ್ನಾಗಿ ಕುಂಟ್ತಾ ಇದೆ ಎಂದದ್ದು, ನಾವಾಗ ಇನ್ನೂ ಮೀಸೆ ಸರಿಯಾಗಿ ಬಾರದವರು — ಬಸ್ಸಿನ ಪಕ್ಕಕ್ಕೇ ಬಂತು ಲಾರಿ, ಮೇಲೆ ಧ್ವನಿವರ್ಧಕ, ಬಾವುಟ, ಟೈ ಕಟ್ಟಿದವನೊಬ್ಬನ ಆಳೆತ್ತರದ ಚಿತ್ರ, ಮತ್ತೆ ನನ್ನ ದನಿ, ಹೌದು, ನನ್ನದೇ, ಬಿಳಿ ಒಣಹಾಕಿದೆ, ಬೂದು ಮಡಿಸಿಟ್ಟೆ, ಸಾಲು ಮುಗಿಯುವ ಮೊದಲೇ ಟೈಯವನ ದನಿ ನುಗ್ಗುತ್ತದೆ, ಇನ್ನು ಮುಂದೆ ನಮ್ಮ ತುಜ್ಲಾ ಪಟ್ಟಣದಲ್ಲಿ ಬಿಳಿ ಬಟ್ಟೆ ಬಿಳಿಯಾಗಿಯೇ ಒಣಗಲಿದೆ, ನಮಗೇ ಮತ ಕೊಡಿ. ಮುಂದಿನ ಸೀಟಿನ ಹುಡುಗಿ ತಿರುಗಿ ನೋಡಿದಳು, ಗುರುತು ಹಿಡಿದಳು, ಕಳೆದ ವಾರವಾಗಿದ್ದರೆ ಜೊತೆಗೆ ನಿಂತು ಫೋಟೋ ಕೇಳುತ್ತಿದ್ದಳು, ಈಗ ನಗಲೂ ಇಲ್ಲ, ಪಕ್ಕದವಳ ಕಿವಿಯಲ್ಲಿ ಏನೋ ಅಂದಳು, ಇವನೂ ಅಷ್ಟೇ ಎಂದಿರಬೇಕು, ಇವನೂ ಅಷ್ಟೇ.

ಹನ್ನೆರಡು ವರ್ಷ ನಾನು ಅಷ್ಟೇ ಆಗಿರಲಿಲ್ಲ. ವೇದಿಕೆಗೆ ಬೂದಿ ಎಂದು ಹೆಸರಿಟ್ಟುಕೊಂಡೆ, ವೆದಾದ್ ಎಂದು ಕರೆಯುವವರು ಈಗ ಇಬ್ಬರೋ ಮೂವರೋ, ಮೊದಲ ಸಲ ಹಾಡಿದ್ದು ಗಣಿಯವರ ಭವನದಲ್ಲಿ, ಕೇಳಲು ಇಪ್ಪತ್ತೆರಡು ಜನ, ಅದರಲ್ಲಿ ಐವರು ಚೆಸ್ ಆಡಲು ಬಂದವರು, ಆಮೇಲೆ ಸರಾಯೆವೊ, ಜಾಗ್ರೆಬ್, ಬೆಲ್‌ಗ್ರೇಡ್, ವಿಯೆನ್ನಾದಲ್ಲಿ ನಮ್ಮವರೇ ತುಂಬಿದ ಸಭಾಂಗಣ, ಗಾರೆ ಕೆಲಸದವರು, ದಾದಿಯರು, ಆ ಸಾಲು ಬಂದಾಗ ಎರಡು ಸಾವಿರ ಗಂಟಲು ಒಟ್ಟಿಗೆ — ಹಾಡಿದ್ದೆಲ್ಲ ಒಂದೇ, ವಿದ್ಯುತ್ ಸ್ಥಾವರ ಕಾರುವ ಬೂದಿ, ಅದು ಬೀಳುವ ಊರು, ಅದನ್ನು ಕಾರಿನ ಗಾಜು ಏರಿಸಿಕೊಂಡು ದಾಟುವ ಮಂತ್ರಿಗಳು. ಮೂರು ಪಕ್ಷದವರು ಮೂರು ಸಲ ಕರೆದರು, ಹೋಗಲಿಲ್ಲ, ನಿಮ್ಮ ವೇದಿಕೆ ಹತ್ತೋದಕ್ಕಿಂತ ಮದುವೆಮನೇಲಿ ಅಕಾರ್ಡಿಯನ್ ಬಾರಿಸ್ತೀನಿ ಎಂದು ಒಬ್ಬನಿಗೆ ಅಂದೂ ಇದ್ದೆ, ಮಿರ್ಜೆತ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಾಗದಪತ್ರ ಕಂಡರೆ ನನಗೆ ತಲೆನೋವು, ಸಹಿಯೆಲ್ಲ ಅವನದು, ಹಾಡೆಲ್ಲ ನನ್ನದು, ಹಾಗೆಂದುಕೊಂಡಿದ್ದೆ — ಬಸ್ಸಿನಿಂದಲೇ ಅವನಿಗೆ ಫೋನು ಮಾಡಿದೆ, ಮೊದಲ ರಿಂಗಿಗೇ ಎತ್ತಿದ, ಕಾದೇ ಕೂತಿದ್ದನೋ ಏನೋ, ಕೇಳಿದ್ಯಾ ಎಂದ, ಯಾಕೋ ಮಿರ್ಜೆತ್ ಎಂದೆ, ಕೂಗಬೇಕೆಂದಿದ್ದೆ, ಬಂದದ್ದು ಇಷ್ಟೇ. ಹಾಡಿನ ಹಕ್ಕು ನನ್ನ ಹೆಸರಲ್ಲಿದೆ, ನಿನ್ನ ಕೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಕೇಳ್ಲಿಲ್ಲ. ಅದು ನನ್ನ ದನಿ ಕಣೋ. ದನಿ ನಿಂದೇ, ಯಾರು ಇಲ್ಲ ಅಂದ್ರು, ಆದ್ರೆ ಮಾತು ಯಾರ್ದು? ಇವತ್ತು ತಿಂಗಳ ಮೊದಲ ಶುಕ್ರವಾರ, ಯಾಸೆನಿಕ್ ಬಸ್ಸಲ್ಲೇ ಇದ್ದೀಯ ಅಲ್ವಾ, ಹೋಗಿ ನಿನ್ನ ಚಿಕ್ಕಮ್ಮನ್ನೇ ಕೇಳು. ಅಲ್ಲಿಗೆ ಫೋನು ಇಟ್ಟ, ಜಜ್ಜಿದ ಬೆರಳಿಗೆ ಅವತ್ತು ನನ್ನ ಅಂಗಿಯ ತೋಳನ್ನೇ ಹರಿದು ಕಟ್ಟಿದ್ದೆ, ಆ ಬೆರಳಿನಿಂದಲೇ ಫೋನು ಇಟ್ಟ.

ಯಾಸೆನಿಕ್‌ನಲ್ಲಿ ಇಳಿದವನು ನಾನೊಬ್ಬನೇ, ಸ್ಥಾವರದವರು ಸುರಿಯುವ ಬೂದಿದಿಬ್ಬ ಹೋದ ತಿಂಗಳಿಗಿಂತ ಎತ್ತರವಾಗಿದೆಯೋ, ಮನೆಗಳೇ ಕುಗ್ಗಿವೆಯೋ, ಮಾತು ಯಾರ್ದು, ಮಾತು ಯಾರ್ದು, ಇದೇ ಅಂಗಳ, ಬಟ್ಟೆ ಒಣಹಾಕುವ ಇದೇ ಹಗ್ಗ, ಅವತ್ತು ಇಲ್ಲೇ ಕೂತು ಪ್ಲಮ್ ತಿನ್ನುತ್ತಿದ್ದೆ, ರಾಜಿಯಾ ಚಿಕ್ಕಮ್ಮ ಹೊದಿಕೆಗಳನ್ನು ಹಗ್ಗದಿಂದ ತೆಗೆಯುತ್ತ, ನನಗೆಂದಲ್ಲ, ತನಗೆ ತಾನೇ ಎಂಬಂತೆ, ಬಿಳಿ ಒಣಹಾಕಿದೆ, ಬೂದು ಮಡಿಸಿಟ್ಟೆ, ಇಷ್ಟರಲ್ಲೇ ಮುಗೀತು ನನ್ನ ಬಾಳು ಎಂದಿದ್ದಳು, ನಾನು ಸಿಗರೇಟ್ ಪೊಟ್ಟಣದ ಮೇಲೆ ಬರೆದುಕೊಂಡೆ. ವಿಯೆನ್ನಾದಲ್ಲಿ ಟೀವಿಯವಳು ಕೇಳಿದಳು, ಆ ಸಾಲು ಹೇಗೆ ಹೊಳೆಯಿತು, ಬಸ್ಸಲ್ಲಿ ಬರ್ತಾ ಹಂಗೇ ಹೊಳೀತು ಎಂದೆ, ಯಾಕೆ ಹಾಗೆಂದೆ, ಸುಲಭವಿತ್ತು, ಅಷ್ಟೇ, ಚಿಕ್ಕಮ್ಮನ ಮನೆಯಲ್ಲಿ ಟೀವಿ ಇದೆಯೆಂದು ನನಗೆ ಗೊತ್ತಿತ್ತು, ನಾನೇ ಕೊಡಿಸಿದ್ದು. ಈಗ ಚಿಕ್ಕಮ್ಮ ಬಾ ಎಂದಳು, ಶೂ ಬಿಚ್ಚು ಎಂದಳು, ಎಂದಿನಂತೆಯೇ, ಬಾಗಿಲ ಪಕ್ಕ ಹೊಸ ಹಿತ್ತಾಳೆ ನಲ್ಲಿ ಹೊಳೆಯುತ್ತಿದೆ, ಇದೇನು ಎಂದರೆ ಮಿರ್ಜೆತ್ ಪಕ್ಷದವರಿಂದ ಹಾಕಿಸಿದ್ದು ಎಂದಳು, ಬಾವಿ ಕೆಟ್ಟಾಗಿನಿಂದ ದಿಬ್ಬದಾಚೆಯಿಂದ ಕ್ಯಾನಿನಲ್ಲಿ ನೀರು ಹೊತ್ತವಳು, ಈಗ ಏಳು ಮನೆಗೂ ನಲ್ಲಿ. ಅವನು ನನ್ನನ್ನ ಮಾರ್ಬಿಟ್ಟ ಚಿಕ್ಕಮ್ಮ ಎಂದೆ, ಅವಳು ದನಿ ಏರಿಸಲಿಲ್ಲ, ಅವನು ಕಾಫಿಪುಡಿ, ಸಕ್ಕರೆ ಹಿಡ್ಕೊಂಡು ಬಂದ, ನೀ ಕೂತಿರೋ ಜಾಗದಲ್ಲೇ ಕೂತ, ಹಾಡಲ್ಲಿರೋ ನಿಮ್ಮ ಮಾತನ್ನ ಪಕ್ಷದವರಿಗೆ ಕೊಡ್ತೀರಾ ಅಂತ ಕೇಳಿದ, ಏಳು ಮನೆಗೂ ನೀರು ಬಂದ್ರೆ ಕೊಡ್ತೀನಿ ಅಂದೆ. ಎದ್ದು ಹೋಗಿ ನಲ್ಲಿ ತಿರುಗಿಸಿದೆ, ಉಸ್ಸೆಂದು ಗಾಳಿ, ಒಂದು ಹನಿಯೂ ಇಲ್ಲ. ನೋಡಿ ಎಂದೆ, ಗೆದ್ದವನಂತೆ ಅಂದೆ, ನಾಚಿಕೆಯಾಯಿತು. ಚುನಾವಣೆ ಆದಮೇಲೆ ನೀರು ಬಿಡ್ತಾರಂತೆ ಎಂದಳು. ಬಿಡ್ತಾರಾ ಚಿಕ್ಕಮ್ಮ, ನೀವು ನಂಬ್ತೀರಾ? ಬಿಡದೇನೂ ಇರಬಹುದು ಎಂದಳು, ಆದ್ರೆ ಅವನು ಕೇಳಿದ ಮಗಾ. ನೀನು ಕೇಳ್ಲಿಲ್ಲ.

ಕಾಫಿ ಉಕ್ಕಿ ಬರುತ್ತಿದೆ, ಅವಳು ಪುಟ್ಟ ಬಟ್ಟಲುಗಳನ್ನು ಇಳಿಸುತ್ತಾಳೆ, ಕಪಾಟು ಮುಚ್ಚಿದ್ದರೂ ಒಳಗೆ ಬೂದಿ ಕೂರುತ್ತದೆ ಈ ಊರಿನಲ್ಲಿ, ಯಾರು ಬಂದರೂ ಮೊದಲು ಏಪ್ರನ್ನಿನ ಅಂಚಿನಿಂದ ಬಟ್ಟಲು ಒರೆಸುತ್ತಾಳೆ, ಅಂಚೆಯವನಿಗೂ, ಜಗಳವಾಡಿದ ನೆರೆಯವಳಿಗೂ, ತನ್ನದನ್ನು ಒರೆಸಿದಳು, ಒಳಗೆ, ಹೊರಗೆ, ತಳ, ನನ್ನದನ್ನು ಹಾಗೆಯೇ ಮುಂದಿಟ್ಟಳು, ಮರೆತಳೇ, ಇಲ್ಲ, ನನ್ನನ್ನೇ ನೋಡುತ್ತ ಇಟ್ಟಳು, ಲಾರಿ ಎಲ್ಲೋ ದಿಬ್ಬದಾಚೆ ಕುಂಟುತ್ತಿರಬೇಕು, ಕೇಳಿಸುತ್ತಿಲ್ಲ, ಏನೂ ಕೇಳಿಸುತ್ತಿಲ್ಲ, ಬಿಳಿ ಬಟ್ಟಲು, ತಳದಲ್ಲಿ ತೆಳ್ಳಗೆ ಬೂದಿ, ಒರೆಸಿಲ್ಲ, ನನ್ನ ಬಟ್ಟಲು ಒರೆಸಿಲ್ಲ, ಒರೆಸದೆ ಅದಕ್ಕೇ ಕಾಫಿ ಸುರಿಯುತ್ತಿದ್ದಾಳೆ